ದೋಣಿಯ ಹಿಂದೆ ಇಂಜಿನ್ ಕಟ್ಟಿದ ಓಲೆ ಎವಿನ್‌ರೂಡ್



ನಮ್ಮ ಸಂಘದ ವ್ಯಕ್ತಿ ಪರಿಚಯದಲ್ಲಿ ಸಾಮಾನ್ಯವಾಗಿ ಕವಿಗಳು, ಯಕ್ಷಗಾನ ಕಲಾವಿದರು, ಕನ್ನಡಕ್ಕಾಗಿ ದುಡಿದ ಹಿರಿಯರು ಬರುತ್ತಾರೆ. ಈ ಸಲ ಕನ್ನಡದ ಒಂದಕ್ಷರವೂ ಗೊತ್ತಿಲ್ಲದ, ಕಾಸರಗೋಡಿನ ಹೆಸರನ್ನೂ ಕೇಳಿರದ ಒಬ್ಬ ಮೆಕ್ಯಾನಿಕ್ಕರ ಬಗ್ಗೆ ಬರೆಯುತ್ತಿದ್ದೇನೆ. ಜುಲೈ 12 ಅವರು ತೀರಿಕೊಂಡ ದಿನ. ಬೆಳಗಿನ ಜಾವ ನಮ್ಮ ಕಡಲ ತೀರದಲ್ಲಿ ನಿಂತರೆ ಸಾಲಾಗಿ ಹೊರಡುವ ದೋಣಿಗಳ ಹಿಂಭಾಗದಲ್ಲಿ ಔಟ್‌ಬೋರ್ಡ್ ಇಂಜಿನ್ ತೂಗುತ್ತಿರುವುದು ಕಾಣುತ್ತದೆ. ಅದು ಯಮಾಹಾ ಆಗಿರಲಿ, ಸುಜುಕಿ ಆಗಿರಲಿ, ಅದರ ಒಳಗಿನ ಮೂಲ ರಚನೆಯನ್ನು ಮಾರುಕಟ್ಟೆಯಲ್ಲಿ ನೆಲೆಗೊಳಿಸಿದವರು ಈ ಓಲೆ ಎವಿನ್‌ರೂಡ್. ನಮ್ಮಲ್ಲಿ ಓಲೆ ಎಂದರೆ ಕಾಗದ, ಇಲ್ಲವೇ ಕಿವಿಯ ಆಭರಣ. ನಾರ್ವೆಯಲ್ಲಿ ಅದು ಗಂಡು ಮಕ್ಕಳಿಗೆ ಇಡುವ ಹೆಸರು.

1877ರ ಏಪ್ರಿಲ್ 19ರಂದು ನಾರ್ವೆ ದೇಶದ ಯೋವಿಕ್ ಪಟ್ಟಣದ ಸಮೀಪದ ಹಳ್ಳಿಯೊಂದರಲ್ಲಿ ಅವರು ಹುಟ್ಟಿದರು. ಅವರಿಗೆ ಸುಮಾರು ಐದು ವರ್ಷವಾದಾಗ ಮನೆಯವರೆಲ್ಲ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ವಿಸ್ಕಾನ್ಸಿನ್ ರಾಜ್ಯದ ಕೇಂಬ್ರಿಜ್ ಎಂಬ ಸಣ್ಣ ಊರಿನ ಹತ್ತಿರ, ರಿಪ್ಲಿ ಎಂಬ ಕೆರೆಯ ಬದಿಯಲ್ಲಿ ಜಮೀನು ಮಾಡಿಕೊಂಡರು. ಎವಿನ್‌ರೂಡ್ ಎಂಬುದು ಊರಿನಲ್ಲಿದ್ದ ಎವೆನ್‌ರುಡ್ ಎಂಬ ಜಮೀನಿನ ಹೆಸರಿನಿಂದ ಬಂದದ್ದು. ದೇಶಾಂತರ ಹೋದವರು ಹೀಗೆ ಬಿಟ್ಟುಬಂದ ಮಣ್ಣಿನ ಹೆಸರನ್ನೇ ಮನೆತನದ ಹೆಸರು ಮಾಡಿಕೊಳ್ಳುವುದು ನಮಗೆ ಹೊಸದಲ್ಲ. ಹೊಸ ಕಚೇರಿಯ ದಾಖಲೆಯಲ್ಲಿ ಅದರ ಕಾಗುಣಿತ ಬದಲಾಗುವುದೂ ಹೊಸದಲ್ಲ. ವೃತ್ತಿಯ ಉದ್ದಕ್ಕೂ ಅಂಥ ಕಾಗುಣಿತಗಳ ನಡುವೆಯೇ ಕೂತವನು ನಾನು.

ಓಲೆಗೆ ಶಾಲೆ ಹತ್ತಲಿಲ್ಲ. ಮೂರನೆಯ ತರಗತಿಗೇ ಬಿಟ್ಟು ಹೊಲದ ಕೆಲಸಕ್ಕೆ ಇಳಿದರು. ಆದರೆ ಲೆಕ್ಕ ಮತ್ತು ಯಂತ್ರದ ಪುಸ್ತಕಗಳನ್ನು ತಾವೇ ಓದಿಕೊಂಡರು. ಬಂಧುಗಳಲ್ಲಿ ಕೆಲವರು ಹಡಗಿನಲ್ಲಿ ದುಡಿದವರು, ಅವರ ಬಾಯಿಂದ ಸಮುದ್ರದ ಕಥೆಗಳನ್ನು ಕೇಳಿ ಹುಡುಗನಿಗೆ ದೋಣಿಯ ಹುಚ್ಚು ಹಿಡಿಯಿತು. ತಂದೆಗೆ ಇದು ಸ್ವಲ್ಪವೂ ಇಷ್ಟವಿರಲಿಲ್ಲ. ಮಗ ಕಟ್ಟಿದ ಮೊದಲ ದೋಣಿಯನ್ನು ತಂದೆ ಒಡೆದು ಒಲೆಗೆ ಹಾಕಿದರಂತೆ. ಹುಡುಗ ಜಗಳ ಮಾಡದೆ ಗುಟ್ಟಾಗಿ ಇನ್ನೊಂದನ್ನು ಕಟ್ಟಿದ. ಹಾಯಿ ಇದ್ದ ಆ ಎರಡನೆಯ ದೋಣಿ ಕೆರೆಯ ಮೇಲೆ ಚೆನ್ನಾಗಿಯೇ ಓಡಿತು. ತಂದೆಯೂ ಸೋತರು. ಇವನು ನೇಗಿಲು ಹಿಡಿಯುವವನಲ್ಲ ಎಂಬುದು ಅವರಿಗೆ ಮನವರಿಕೆಯಾಯಿತು.

ಹದಿನಾರನೆಯ ವಯಸ್ಸಿನಲ್ಲಿ ಓಲೆ ಇಪ್ಪತ್ತು ಮೈಲಿ ದೂರದ ಮ್ಯಾಡಿಸನ್ ನಗರಕ್ಕೆ ನಡೆದೇ ಹೋಗಿ, ಕೃಷಿ ಯಂತ್ರ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿದರು. ಮುಂದೆ ಪಿಟ್ಸ್‌ಬರ್ಗಿನ ಉಕ್ಕಿನ ಗಿರಣಿ, ಷಿಕಾಗೋದ ಯಂತ್ರದಂಗಡಿಗಳು ಎಂದು ಸುತ್ತಿ, ಕೊನೆಗೆ ಮಿಲ್ವಾಕಿಯಲ್ಲಿ ಪ್ಯಾಟರ್ನ್ ಮೇಕರ್ ಆಗಿ ನೆಲೆ ನಿಂತರು. ಕಬ್ಬಿಣ ಎರಕ ಹೊಯ್ಯುವುದಕ್ಕೆ ಮೊದಲು ಆ ಭಾಗದ ಮಾದರಿಯನ್ನು ಮರದಲ್ಲಿ ಕೆತ್ತಿ ಕೊಡುವ ಕೆಲಸ ಅದು. ಬಡಗಿಯ ಕೈಯೂ ಕಮ್ಮಾರನ ಕಣ್ಣೂ ಎರಡೂ ಬೇಕು. ಅದೇ ಕಾಲಕ್ಕೆ ಪೆಟ್ರೋಲ್ ಇಂಜಿನ್ ಹೊಸತಾಗಿ ಬರುತ್ತಿತ್ತು. ಓಲೆ ರಾತ್ರಿ ಹೊತ್ತು ಸ್ವಂತ ಇಂಜಿನ್ ಕಟ್ಟುತ್ತಾ, ಹಗಲು ಪಾಲುದಾರರನ್ನು ಹುಡುಕುತ್ತಾ ಇದ್ದರು. 1900ರ ಹೊತ್ತಿಗೆ ಕ್ಲಾರ್ಕ್ ಎಂಬವರೊಡನೆ ಸೇರಿ ಒಂದು ಕಂಪನಿ ಮಾಡಿದರು. ಅದು ಮುರಿಯಿತು. ಆಮೇಲಿನ ಪಾಲುದಾರಿಕೆಗಳೂ ಉಳಿಯಲಿಲ್ಲ. ಅವರಿಗೆ ಯಂತ್ರ ಗೊತ್ತಿತ್ತು, ವ್ಯಾಪಾರ ಗೊತ್ತಿರಲಿಲ್ಲ.

ವ್ಯಾಪಾರ ಗೊತ್ತಿದ್ದವರು ಬೆಸ್ ಕ್ಯಾರಿ. ಓಲೆಯವರ ಅಂಗಡಿಯ ನೆರೆಯಲ್ಲೇ ಇದ್ದ ಹುಡುಗಿ. ವಾಣಿಜ್ಯ ಶಿಕ್ಷಣ ಪಡೆಯುತ್ತಿದ್ದರು, ಟೈಪಿಂಗ್ ಬರುತ್ತಿತ್ತು. ಓಲೆಯ ಪತ್ರಗಳನ್ನು ಟೈಪು ಮಾಡಿಕೊಡಲು ಬಂದವರು ಲೆಕ್ಕಪತ್ರವನ್ನೂ ಕೈಗೆ ತೆಗೆದುಕೊಂಡರು. 1906ರಲ್ಲಿ ಮದುವೆಯಾಯಿತು, ಮರುವರ್ಷ ಮಗ ರಾಲ್ಫ್ ಹುಟ್ಟಿದ. ಗಂಡನ ಹೆಸರಿನಲ್ಲಿ ಮಾತ್ರ ನೆನಪಾಗುವ ಈ ಕಂಪನಿಯ ಅರ್ಧಕ್ಕಿಂತ ಹೆಚ್ಚು ಆ ಹೆಂಗಸಿನದು ಎಂದು ನನ್ನ ಅಭಿಪ್ರಾಯ. ಗುಮಾಸ್ತರ ಕೆಲಸವನ್ನು ಚರಿತ್ರೆ ಬರೆಯುವವರು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ಐಸ್‌ಕ್ರೀಮಿನ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು, ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಒಂದು ಬೇಸಿಗೆಯ ದಿನ ಮಿಲ್ವಾಕಿಯ ಪಶ್ಚಿಮಕ್ಕಿರುವ ಒಕಾಚಿ ಸರೋವರದ ದ್ವೀಪವೊಂದಕ್ಕೆ ಗೆಳೆಯರೊಂದಿಗೆ ಹೋಗಿದ್ದಾಗ ಬೆಸ್ ಐಸ್‌ಕ್ರೀಂ ಬೇಕೆಂದರು. ಓಲೆ ಹುಟ್ಟು ಹಾಕುತ್ತಾ ಎರಡು ಮೈಲಿಗೂ ಮಿಕ್ಕಿ ದೂರ ಹೋಗಿ ತಂದರು. ವಾಪಸು ಬರುವಷ್ಟರಲ್ಲಿ ಬಿಸಿಲಿಗೆ ಅದು ಕರಗಿ ನೀರಾಗಿತ್ತು. ಮೋಟಾರು ದೋಣಿಯ ಯೋಚನೆ ಆಗಲೇ ಹುಟ್ಟಿತು ಎನ್ನುತ್ತಾರೆ. ಇಸವಿಯನ್ನು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಥೆ ಹೇಗಿದ್ದರೂ ತೋಳು ನೋಯುವಷ್ಟು ಹುಟ್ಟು ಹಾಕಿದವರಿಗೆ ಆ ಯೋಚನೆ ಬರಲು ಐಸ್‌ಕ್ರೀಮೇ ಬೇಕಾಗಿಲ್ಲ.

ಓಲೆಯವರೇ ಮೊದಲಿಗರು ಎಂದು ಹಲವರು ಬರೆಯುತ್ತಾರೆ, ಅದು ಪೂರ್ತಿ ಸರಿಯಲ್ಲ. ಫ್ರಾನ್ಸಿನ ಗುಸ್ತಾವ್ ತ್ರೂವೆ 1881ರಲ್ಲೇ ದೋಣಿಯ ಹಿಂಭಾಗಕ್ಕೆ ಸಿಕ್ಕಿಸುವ ವಿದ್ಯುತ್ ಮೋಟಾರು ಮಾಡಿದ್ದರು. ಅಮೆರಿಕದಲ್ಲೇ ಕ್ಯಾಮರನ್ ವಾಟರ್‌ಮನ್ ಎಂಬವರು ಓಲೆಗಿಂತ ಕೆಲವು ವರ್ಷ ಮೊದಲೇ ಪೆಟ್ರೋಲ್ ಮೋಟಾರು ಮಾರುತ್ತಿದ್ದರು. ಓಲೆ ಮಾಡಿದ್ದು ಬೇರೆ. ಸಾಧಾರಣ ಜನ ಕೊಂಡು, ತಮ್ಮ ಹಳೆಯ ದೋಣಿಗೇ ತಾವೇ ಸಿಕ್ಕಿಸಿ, ತಾವೇ ಓಡಿಸಬಹುದಾದ ಗಟ್ಟಿಮುಟ್ಟಾದ ಸಾಮಾನನ್ನು ಮಾಡಿದರು.

ಅದರ ಮೊದಲ ರೂಪವನ್ನು ಕಂಡ ಬೆಸ್‌ಗೆ ಕಾಫಿ ಬೀಜ ಅರೆಯುವ ಯಂತ್ರ ನೆನಪಾಯಿತಂತೆ. ಮಿಲ್ವಾಕಿಯ ಕಿನ್ನಿಕಿನ್ನಿಕ್ ನದಿಯಲ್ಲಿ ಅದರ ಪರೀಕ್ಷೆ ನಡೆಯಿತು. ತಿದ್ದಿ ತೀಡಿ 1909ರಲ್ಲಿ ಮಾರಾಟಕ್ಕೆ ಸಿದ್ಧವಾದ ಮೋಟಾರು ಒಂದೇ ಸಿಲಿಂಡರಿನದು, ಒಂದೂವರೆ ಅಶ್ವಶಕ್ತಿಯದು. ಕಬ್ಬಿಣ ಮತ್ತು ಹಿತ್ತಾಳೆಯ ಅದರ ತೂಕ 62 ಪೌಂಡು, ಅಂದರೆ ಸುಮಾರು 28 ಕಿಲೋ. ಬೆಲೆಯೂ 62 ಡಾಲರ್. ಸಿಲಿಂಡರ್ ಅಡ್ಡಕ್ಕೆ ಮಲಗಿತ್ತು, ಕ್ರ್ಯಾಂಕ್ ಶಾಫ್ಟ್ ನೆಟ್ಟಗೆ ನಿಂತಿತ್ತು. ತಲೆಯ ಮೇಲೆ ಫ್ಲೈವೀಲ್, ಅದರ ಅಂಚಿನಲ್ಲಿ ತಿರುಗಿಸಿ ಸ್ಟಾರ್ಟ್ ಮಾಡಲು ಒಂದು ಹಿಡಿ. ಕೆಳಗೆ ನೀರಿನೊಳಗೆ ಹಲ್ಲಿನ ಚಕ್ರಗಳು, ನೆಟ್ಟಗೆ ಇಳಿದುಬಂದ ತಿರುಗನ್ನು ಅವು ಅಡ್ಡಕ್ಕೆ ತಿರುಗಿಸಿ ಪ್ರೊಪೆಲ್ಲರಿಗೆ ಕೊಡುತ್ತಿದ್ದವು. ಇವತ್ತು ನಮ್ಮ ದೋಣಿಯ ಔಟ್‌ಬೋರ್ಡಿನ ಮುಚ್ಚಳ ತೆಗೆದು ನೋಡಿ. ಮೇಲೆ ಫ್ಲೈವೀಲ್, ನೆಟ್ಟಗಿನ ಶಾಫ್ಟ್, ಕೆಳಗೆ ಹಲ್ಲಿನ ಚಕ್ರ. ನೂರಕ್ಕೂ ಹೆಚ್ಚು ವರ್ಷಗಳಾದರೂ ಕ್ರಮ ಬದಲಾಗಿಲ್ಲ.

ಗೆಳೆಯರೊಬ್ಬರು ಆ ಮೋಟಾರನ್ನು ಒಯ್ದು ಕೆರೆಯಲ್ಲಿ ಓಡಿಸಿ, ಮರಳುವಾಗ ಹತ್ತು ಮೋಟಾರಿಗೆ ಆರ್ಡರನ್ನೂ ಮುಂಗಡ ಹಣವನ್ನೂ ತಂದರು. ಬೆಸ್ ಜಾಹೀರಾತು ಬರೆದರು. ಹುಟ್ಟನ್ನು ಎಸೆದುಬಿಡಿ ಎಂಬುದೇ ಅದರ ತಿರುಳು. ಪತ್ರಗಳು ರಾಶಿ ಬಿದ್ದವು. 1911ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ವರ್ಷ ಕ್ರಿಸ್ ಮೇಯರ್ ಎಂಬ ಹಣವಂತರು 5,000 ಡಾಲರ್ ಹೂಡಿ ಪಾಲುದಾರರಾದರು. ಹೊರದೇಶಗಳಿಗೂ ಮೋಟಾರು ಹೋಗತೊಡಗಿತು. ಸ್ಕ್ಯಾಂಡಿನೇವಿಯಾದ ಮೀನುಗಾರರು ಅದನ್ನು ಕೊಂಡರು. ಐದು ವರ್ಷದ ಮಗುವಾಗಿ ಬಿಟ್ಟುಬಂದ ಸೀಮೆಯ ನೀರಿಗೆ ಓಲೆಯವರ ಹೆಸರು ಹೊತ್ತ ಮೋಟಾರು ವಾಪಸು ಹೋಯಿತು.

ಈ ಎಲ್ಲದರ ನಡುವೆ ಬೆಸ್ ಅವರ ಆರೋಗ್ಯ ಕೆಟ್ಟಿತು. ಹಗಲಿಡೀ ಕಚೇರಿ, ರಾತ್ರಿ ಮನೆ, ಸಣ್ಣ ಮಗು. ಓಲೆ ಹೆಚ್ಚು ಯೋಚಿಸಿದಂತೆ ಕಾಣುವುದಿಲ್ಲ. 1914ರ ಹೊತ್ತಿಗೆ ತಮ್ಮ ಪಾಲನ್ನು ಮೇಯರ್ ಅವರಿಗೆ 1,37,500 ಡಾಲರಿಗೆ ಮಾರಿದರು. ಐದು ವರ್ಷ ಔಟ್‌ಬೋರ್ಡ್ ವ್ಯವಹಾರಕ್ಕೆ ಇಳಿಯುವುದಿಲ್ಲ ಎಂಬ ಷರತ್ತಿಗೂ ಒಪ್ಪಿದರು. ಹೆಂಡತಿ ಮಗನನ್ನು ಕರೆದುಕೊಂಡು ಊರೂರು ಸುತ್ತಿದರು. ತನ್ನ ಹೆಸರಿನ ಕಾರ್ಖಾನೆ ತನ್ನದಲ್ಲದೆ ಭರದಿಂದ ನಡೆಯುತ್ತಿರುವಾಗ ಹೊರಗೆ ಇರುವುದು ಅಷ್ಟು ಸುಲಭವಲ್ಲ. ಹೆಂಡತಿಯ ಆರೋಗ್ಯಕ್ಕಾಗಿ ಅಷ್ಟನ್ನು ಬಿಟ್ಟುಕೊಟ್ಟದ್ದಕ್ಕೇ ನನಗೆ ಈ ಮನುಷ್ಯರ ಮೇಲೆ ಹೆಚ್ಚು ಗೌರವ.

ಕೈ ಮಾತ್ರ ಸುಮ್ಮನಿರಲಿಲ್ಲ. ಹೊಸ ಮೋಟಾರಿನ ನಕ್ಷೆ ಹಾಕಿದರು. ಎರಡು ಸಿಲಿಂಡರು, ಕಬ್ಬಿಣದ ಬದಲು ಹೆಚ್ಚಾಗಿ ಅಲ್ಯೂಮಿನಿಯಂ. ಮೂರು ಅಶ್ವಶಕ್ತಿ, ಆದರೆ ತೂಕ 48 ಪೌಂಡು ಮಾತ್ರ. ಅಂದರೆ ಹಳೆಯದರ ಎರಡು ಪಟ್ಟು ಶಕ್ತಿ, ಮುಕ್ಕಾಲು ಪಾಲು ಭಾರ. ಹೊಗೆಯನ್ನು ಪ್ರೊಪೆಲ್ಲರಿನ ನಡುವಿನಿಂದ ನೀರಿಗೆ ಬಿಡುವ ಉಪಾಯವೂ ಅದರಲ್ಲಿತ್ತು. ಅದನ್ನು ಮೇಯರ್ ಅವರಿಗೆ ತೋರಿಸಿದಾಗ ಅವರು ಬೇಡವೆಂದರು. ಷರತ್ತಿನ ಅವಧಿ ಮುಗಿದಿತ್ತು. ದಂಪತಿ ಬೇರೆಯೇ ಕಂಪನಿ ಆರಂಭಿಸಿದರು. ಸ್ವಂತ ಹೆಸರನ್ನು ಬಳಸುವಂತಿಲ್ಲವಲ್ಲ, ಎವಿನ್‌ರೂಡ್ ಲೈಟ್ ಟ್ವಿನ್ ಔಟ್‌ಬೋರ್ಡ್ ಎಂಬುದರ ಮೊದಲಕ್ಷರಗಳನ್ನು ಕೂಡಿಸಿ ಬೆಸ್ ಎಲ್ಟೋ ಎಂದು ಹೆಸರಿಟ್ಟರು. 1921ರಿಂದ ಎಲ್ಟೋ ಮಾರುಕಟ್ಟೆಯಲ್ಲಿ ಓಡಿತು. ಅದೇ ಸುಮಾರಿಗೆ ಜಾನ್ಸನ್ ಎಂಬ ಸಹೋದರರ ಹಗುರ ಮೋಟಾರೂ ಬಂದು ಜೋರು ಪೈಪೋಟಿ ನಡೆಯಿತು. ಅದಕ್ಕೆ ಉತ್ತರವಾಗಿ ಓಲೆ 1928ರಲ್ಲಿ ನಾಲ್ಕು ಸಿಲಿಂಡರಿನ ಎಲ್ಟೋ ಕ್ವಾಡ್ ತಂದರು.

1929ರಲ್ಲಿ ಎಲ್ಟೋ, ಹಳೆಯ ಎವಿನ್‌ರೂಡ್ ಕಂಪನಿ ಮತ್ತು ಲಾಕ್‌ವುಡ್ ಎಂಬ ಮೂರನೆಯದು ಒಂದಾದವು. ಅಧ್ಯಕ್ಷರಾಗಿ ಓಲೆಯೇ ಬಂದರು. ಮಾರಿದ ಹೆಸರು ಹದಿನೈದು ವರ್ಷದ ನಂತರ ಮನೆಗೆ ಬಂತು. ಬಂದ ಸಮಯ ಮಾತ್ರ ಕೆಟ್ಟದ್ದು. ಅದೇ ವರ್ಷದ ಕೊನೆಗೆ ಅಮೆರಿಕದ ಷೇರು ಮಾರುಕಟ್ಟೆ ಕುಸಿದು, ವಿಹಾರದ ದೋಣಿ ಕೊಳ್ಳುವವರೇ ಇಲ್ಲದಂತಾಯಿತು. ಬೆಸ್ 1928ರಲ್ಲೇ ನಿವೃತ್ತರಾಗಿದ್ದರು. 1933ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಓಲೆ ಅದಾದ ಮೇಲೆ ಬದುಕಿದ್ದು ಹದಿನಾಲ್ಕು ತಿಂಗಳು. 1934ರ ಜುಲೈ 12ರಂದು ಮಿಲ್ವಾಕಿಯಲ್ಲಿ ನಿಧನರಾದಾಗ ಅವರಿಗೆ 57 ವರ್ಷ.

ಮಗ ರಾಲ್ಫ್ ಕಾರ್ಖಾನೆ ನಡೆಸಿದರು. 1936ರಲ್ಲಿ ಪೈಪೋಟಿಯ ಜಾನ್ಸನ್ ಕೂಡ ಇದರೊಳಗೆ ಸೇರಿತು. ಮುಂದೆ ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ ಎಂದು ಹೆಸರಾದ ಆ ದೊಡ್ಡ ಸಂಸ್ಥೆ 2000ದ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಕೆನಡಾದ ಬೊಂಬಾರ್ಡಿಯರ್ ಅದನ್ನು ಕೊಂಡು ಇ-ಟೆಕ್ ಎಂಬ ಹೊಸ ಮಾದರಿಯನ್ನು ತಂದಿತು. 2020ರ ಮೇ ತಿಂಗಳಲ್ಲಿ ಎವಿನ್‌ರೂಡ್ ಹೆಸರಿನ ಔಟ್‌ಬೋರ್ಡ್ ತಯಾರಿಕೆಯೇ ನಿಂತಿತು.

ನಮ್ಮ ಕರಾವಳಿಗೆ ಔಟ್‌ಬೋರ್ಡ್ ವ್ಯಾಪಕವಾಗಿ ಬಂದದ್ದು 1980ರ ದಶಕದಲ್ಲಿ. ಬಂದವು ಹೆಚ್ಚಾಗಿ ಜಪಾನಿನವು, ಸೀಮೆಎಣ್ಣೆಯಲ್ಲಿ ಓಡುವವು. ಸೀಮೆಎಣ್ಣೆ ಪರ್ಮಿಟಿಗಾಗಿ ಸಾಲು ನಿಲ್ಲುವ ಮೀನುಗಾರರ ಕಷ್ಟ ಬೇರೆಯೇ ಒಂದು ಲೇಖನಕ್ಕೆ ಆಗುತ್ತದೆ. ದೋಣಿ ಮಾತ್ರ ಅದೇ ಇತ್ತು. ಹುಟ್ಟು, ಹಾಯಿ ಹಾಕಿ ಹೋಗುತ್ತಿದ್ದ ದೋಣಿಗೇ ಇಂಜಿನ್ ಕಟ್ಟಿದರು. ಇಂಜಿನ್ ಸವೆದರೆ ಅದನ್ನು ಕಳಚಿ ಹೊಸದು ಕೂರಿಸಿದರು. ಓಲೆಯವರ ಲೆಕ್ಕಾಚಾರವೇ ಇದು.

ಈಗ ಒಂದು ಪ್ರಾಯೋಗಿಕ ವಿಷಯ. ಪ್ರವಾಸಿಗರನ್ನು ಸುತ್ತಾಡಿಸುವ ದೋಣಿ ಇಟ್ಟುಕೊಂಡಿರುವ ನಮ್ಮ ಸದಸ್ಯರೊಬ್ಬರು ಹಳೆಯ ಇಂಜಿನ್ ತೆಗೆದು ಹೊಸದು ಹಾಕಿಸಿದ್ದಾರೆ. ಸ್ಟಿಯರಿಂಗಿನ ಮುಂದಿರುವ ಹಳೆಯ ಆರ್‌ಪಿಎಂ ಮೀಟರನ್ನೇ ಹೊಸದಕ್ಕೆ ಜೋಡಿಸಬಹುದೇ ಎಂದು ಕೇಳಿದ್ದರು. ಓಲೆಯವರ ಮೋಟಾರು ನಿಮಿಷಕ್ಕೆ ಸಾವಿರದ ಆಸುಪಾಸಿನಲ್ಲಿ ತಿರುಗುತ್ತಿತ್ತು, ಶಬ್ದ ಕೇಳಿಯೇ ವೇಗ ತಿಳಿಯಬಹುದಿತ್ತು. ಈಗಿನವು ಐದಾರು ಸಾವಿರ ತಿರುಗುತ್ತವೆ, ಕಿವಿಯನ್ನು ನಂಬುವ ಹಾಗಿಲ್ಲ. ತಿಳಿದವರಿಂದ ಕೇಳಿ, ಮ್ಯಾನ್ಯುವಲ್‌ಗಳನ್ನು ಓದಿ ಖಚಿತ ಮಾಡಿಕೊಂಡದ್ದನ್ನು ಬರೆಯುತ್ತೇನೆ.

ಜೋಡಿಸಬಹುದು. ಫ್ಲೈವೀಲಿನ ಒಳಗೆ ಅಯಸ್ಕಾಂತಗಳಿವೆ, ಅದರ ಕೆಳಗೆ ತಂತಿಯ ಸುರುಳಿಗಳಿವೆ. ಫ್ಲೈವೀಲ್ ತಿರುಗಿದಾಗ ಬ್ಯಾಟರಿ ಚಾರ್ಜ್ ಮಾಡುವ ವಿದ್ಯುತ್ತು ಅಲ್ಲಿ ಹುಟ್ಟುತ್ತದೆ. ಒಂದು ಸುತ್ತಿಗೆ ಇಷ್ಟು ಎಂದು ಬರುವ ಅದರ ಮಿಡಿತಗಳನ್ನು ಎಣಿಸುವುದೇ ಮೀಟರಿನ ಕೆಲಸ. ಹನ್ನೆರಡು ಧ್ರುವಗಳಿರುವ ಇಂಜಿನ್ ಸುತ್ತಿಗೆ ಆರು ಮಿಡಿತ ಕೊಡುತ್ತದೆ, ಎಂಟು ಧ್ರುವದ್ದು ನಾಲ್ಕು. ಮೀಟರಿನ ಬೆನ್ನಿನಲ್ಲಿ ಈ ಸಂಖ್ಯೆಯನ್ನು ಆರಿಸುವ ಸಣ್ಣ ತಿರುಪು ಇರುತ್ತದೆ. ಹಳೆಯ ಇಂಜಿನ್ನಿನ ಆರಕ್ಕೆ ಇಟ್ಟದ್ದನ್ನು ಹಾಗೇ ಬಿಟ್ಟು, ನಾಲ್ಕು ಮಿಡಿತದ ಹೊಸ ಇಂಜಿನ್ನಿಗೆ ಜೋಡಿಸಿದರೆ, 6000 ತಿರುಗುತ್ತಿರುವಾಗ ಮುಳ್ಳು 4000 ತೋರಿಸುತ್ತದೆ. ಇದರಿಂದ ಏನು ಹಾನಿ? ಇಂಜಿನ್ ಏರುತ್ತಿಲ್ಲ ಎಂದು ತಿಳಿದು ಕಡಿಮೆ ಪಿಚ್ಚಿನ ಪ್ರೊಪೆಲ್ಲರ್ ಹಾಕಿಸುತ್ತೀರಿ. ಪಿಚ್ ಒಂದು ಇಂಚು ಇಳಿಸಿದರೆ ಸುಮಾರು 150ರಿಂದ 200 ಸುತ್ತು ಏರುತ್ತದೆ. ಮೊದಲೇ ಮಿತಿಯಲ್ಲಿದ್ದ ಇಂಜಿನ್ ಮಿತಿ ಮೀರುತ್ತದೆ. ಮೀಟರ್ ಹೆಚ್ಚು ತೋರಿಸಿದರೆ ಇದರ ತಿರುಗುಮುರುಗು. ದೊಡ್ಡ ಪಿಚ್ ಹಾಕಿಸಿ ಇಂಜಿನ್ ಏದುಸಿರು ಬಿಡುವಂತೆ ಮಾಡುತ್ತೀರಿ. ಎರಡರಲ್ಲೂ ಖರ್ಚು ನಿಮ್ಮದೇ.

ತಂತಿಗಳು ನಾಲ್ಕು: ಕೀ ತಿರುಗಿಸಿದಾಗ ಬರುವ ಹನ್ನೆರಡು ವೋಲ್ಟು, ಅರ್ತ್, ಮಿಡಿತದ ತಂತಿ, ಮೀಟರಿನ ದೀಪದ್ದು. ಬಣ್ಣ ನೋಡಿ ಜೋಡಿಸಬೇಡಿ. ಅಮೆರಿಕದ ತಯಾರಿಕೆಗಳಲ್ಲಿ ಮಿಡಿತದ್ದು ಬೂದು, ಕೀಯದ್ದು ನೇರಳೆ. ಯಮಾಹಾದಲ್ಲಿ ಮಿಡಿತದ್ದು ಹಸಿರು, ಕೀಯದ್ದು ಹಳದಿ. ಹೊಸ ಇಂಜಿನ್ನಿನ ಮ್ಯಾನ್ಯುವಲ್ ತೆರೆದಿಟ್ಟು, ಬ್ಯಾಟರಿ ಕಳಚಿ, ಆಮೇಲೆ ಕೈ ಹಾಕಬೇಕು. ಮೀಟರಿನ ತಿರುಪನ್ನು ಮೊದಲು ಹತ್ತಿಪ್ಪತ್ತು ಸಲ ಅತ್ತಿತ್ತ ತಿರುಗಿಸಿ, ಉಪ್ಪುಗಾಳಿಗೆ ಒಳಗಿನ ತುಕ್ಕು ಕೂತಿದ್ದರೆ ಸಂಪರ್ಕ ಸರಿಯಾಗುತ್ತದೆ. ಕೆಲವು ಹೊಸ ಇಂಜಿನ್‌ಗಳಲ್ಲಿ ಮಿಡಿತದ ತಂತಿಯೇ ಇರುವುದಿಲ್ಲ, ಎಲ್ಲ ಮಾಹಿತಿಯೂ ಡಿಜಿಟಲ್ ಕೇಬಲ್ಲಿನಲ್ಲಿ ಹೋಗುತ್ತದೆ. ಅಂಥದಕ್ಕೆ ನಡುವೆ ಒಂದು ಪರಿವರ್ತಕ ಬೇಕು. ಅದರ ಬೆಲೆ ಕೇಳಿದ ಮೇಲೆ ಹೊಸ ಮೀಟರೇ ಲೇಸು ಎನ್ನಿಸಬಹುದು.

ಇನ್ನೊಂದು, ಇದು ಎಲ್ಲಕ್ಕಿಂತ ಮುಖ್ಯ. 1990ರ ದಶಕದ ನಂತರದ ಎವಿನ್‌ರೂಡ್, ಜಾನ್ಸನ್ ಇಂಜಿನ್‌ಗಳ ಜೊತೆ ಬರುತ್ತಿದ್ದ ಆರ್‌ಪಿಎಂ ಮೀಟರಿನ ಮುಖದಲ್ಲೇ ನಾಲ್ಕು ಎಚ್ಚರಿಕೆಯ ದೀಪಗಳಿದ್ದವು. ಆಯಿಲ್ ಇಲ್ಲ, ಆಯಿಲ್ ಕಡಿಮೆ, ಇಂಜಿನ್ ಬಿಸಿಯಾಗಿದೆ, ಇಂಜಿನ್ ತಪಾಸಣೆ ಮಾಡಿ ಎಂಬುದಕ್ಕೆ ಒಂದೊಂದು. ಅಂಥ ಇಂಜಿನ್ನಿಗೆ ಹಳೆಯ ಸಾದಾ ಮೀಟರ್ ಜೋಡಿಸಿದರೆ ಮುಳ್ಳು ಸರಿಯಾಗಿಯೇ ಓಡುತ್ತದೆ, ಆದರೆ ಯಾವ ತೊಂದರೆ ಎಂದು ಹೇಳುವ ದೀಪ ಇರುವುದಿಲ್ಲ. ಎಚ್ಚರಿಕೆಯ ಹಾರ್ನ್ ಒಂದಾದರೂ ಕೆಲಸ ಮಾಡುತ್ತಿದೆಯೇ ಎಂದು ನೋಡಿಕೊಳ್ಳದೆ ದೋಣಿಯನ್ನು ಅಳಿವೆ ದಾಟಿಸಬಾರದು.